ಈ ಐದು ಎಲ್ಲಿಂದ ಬಂತು?

ಒಂದು ಕಟ್ಟಡದ ಅಡಿಯ ನೆಲ ಹೇಗಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಬರೆಯುವ ಬದಲು ಅದಕ್ಕೊಂದು ಸಂಭವನೀಯತೆಯ ಅಂಕಿ ಕೊಟ್ಟೆ. ಆ ಅಂಕಿಯನ್ನು ಮಾಲೀಕರು ನಂಬಿದರು, ಗುತ್ತಿಗೆದಾರರು ನಂಬಿದರು, ಎಲ್ಲರಿಗಿಂತ ಹೆಚ್ಚಾಗಿ ನಾನೇ ನಂಬಿದೆ. ಕಟ್ಟಡ ಬೀಳಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಬೇಸಿಗೆಯಲ್ಲಿ ಗೃಹಪ್ರವೇಶವಾದ ಮನೆಯ ಗೋಡೆಗಳು ಮಳೆಗಾಲ ಮುಗಿಯುವಷ್ಟರಲ್ಲಿ ಬಿರುಕು ಬಿಟ್ಟವು. ಅದಕ್ಕೆ ಕಾರಣ ನಾನು, ಅದರಲ್ಲೂ ನಾನು ಲೆಕ್ಕ ಹಾಕಿದ ರೀತಿ. ಸ್ಟ್ರಕ್ಚರಲ್ ಎಂಜಿನಿಯರಿಂಗ್ ಮಾಡುವವರಿಗೂ ಈ ವೃತ್ತಿಗೆ ಬರಲಿರುವ ಹುಡುಗ ಹುಡುಗಿಯರಿಗೂ ಇದನ್ನು ಹೇಳಲೇಬೇಕು ಅನ್ನಿಸಿದೆ. ಅಳತೆಗಳೇ ಇಲ್ಲದ ಕಡೆ ಸಂಭವನೀಯತೆಯನ್ನು ಹುಟ್ಟಿಸಬಾರದು. ಅನಿಶ್ಚಿತತೆಯನ್ನು ಲೆಕ್ಕದೊಳಗೆ ತರಲು ಬೇರೆ ದಾರಿಯಿದೆ. ಅದು ಕಾಗದ ಪೆನ್ಸಿಲ್ಲಿಗೂ ದಕ್ಕುವಂಥದ್ದು.

ನಿವೇಶನ ಧಾರವಾಡದ ಹೊರವಲಯದಲ್ಲಿತ್ತು. ಕೆಳಗೆ ಅಂಗಡಿ, ಮೇಲೆ ಎರಡು ಮನೆ. ನಿವೃತ್ತ ಮಾಸ್ತರರೊಬ್ಬರು ತಮ್ಮ ದುಡಿಮೆಯ ಉಳಿತಾಯವನ್ನೆಲ್ಲ ಅದಕ್ಕೆ ಹಾಕಿದ್ದರು. ನೆಲ ಮೇಲೆ ಎರೆಮಣ್ಣು, ಅದರಡಿ ಗರಸು. ಆ ಭಾಗದಲ್ಲಿ ಕಟ್ಟುವವರಿಗೆಲ್ಲ ಎರೆಮಣ್ಣಿನ ಸ್ವಭಾವ ಗೊತ್ತು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಆದ್ದರಿಂದ ಫೂಟಿಂಗನ್ನು ಅದರ ಕೆಳಗಿನ ಗಟ್ಟಿ ಪದರದ ಮೇಲೆ ಕೂರಿಸಬೇಕು, ಇಲ್ಲವೇ ತಳದಲ್ಲಿ ಉಬ್ಬು ಇರುವ ಅಂಡರ್‌ರೀಮ್ಡ್ ಪೈಲ್ ಇಳಿಸಬೇಕು. ಎರೆಮಣ್ಣಿಗೆಂದೇ ಈ ಬಗೆಯ ಪೈಲುಗಳನ್ನು ನಮ್ಮ ದೇಶದಲ್ಲಿ ಬಳಕೆಗೆ ತಂದದ್ದು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ. ನಾವು ಖರ್ಚು ನೋಡಿ, ಗರಸಿನ ಮೇಲೆ ಬಿಡಿಬಿಡಿ ಫೂಟಿಂಗ್ ಸಾಕು ಎಂದು ತೀರ್ಮಾನಿಸಿದೆವು. ಆ ತೀರ್ಮಾನ ತಪ್ಪೇನಲ್ಲ. ತಪ್ಪು ನಡೆದದ್ದು ಅದರ ಮುಂದಿನ ಹೆಜ್ಜೆಯಲ್ಲಿ.

ನಿವೇಶನದಲ್ಲಿ ಮೂರು ಕಡೆ ಬೋರ್ ತೆಗೆಸಿದ್ದೆವು. ಮಣ್ಣು ಪರೀಕ್ಷೆಯ ವರದಿ ನೆಲದ ಬಿಗಿತವನ್ನು, ಅಂದರೆ ನಾವು ಸಬ್‌ಗ್ರೇಡ್ ಮಾಡ್ಯುಲಸ್ ಎನ್ನುವುದನ್ನು, 15,000ದಿಂದ 45,000 ಕಿಲೋನ್ಯೂಟನ್ ಪ್ರತಿ ಘನ ಮೀಟರ್ ಎಂದು ಕೊಟ್ಟಿತ್ತು. ಫೂಟಿಂಗಿನ ಅಡಿಯಲ್ಲಿ ಪ್ರತಿ ಚದರ ಮೀಟರಿಗೆ 150 ಕಿಲೋನ್ಯೂಟನ್ ಒತ್ತಡ ಬಿದ್ದರೆ ಬಿಗಿತ 15,000 ಇರುವ ನೆಲ 10 ಮಿಲಿಮೀಟರ್ ಇಳಿಯುತ್ತದೆ, 45,000 ಇರುವ ನೆಲ 3.3 ಮಿಲಿಮೀಟರ್ ಇಳಿಯುತ್ತದೆ. ನಡುವಿನ 30,000ಕ್ಕೆ 5 ಮಿಲಿಮೀಟರ್. ವರದಿ ಹೇಳಿದ್ದು ಇಷ್ಟೇ: ಇಲ್ಲಿಂದ ಇಲ್ಲಿಯವರೆಗೆ ಎಲ್ಲಿಯಾದರೂ ಇರಬಹುದು. ಯಾವುದು ಹೆಚ್ಚು ಸಂಭವ, ಯಾವುದು ಕಡಿಮೆ ಎಂದು ಅದು ಹೇಳಿರಲಿಲ್ಲ. ಮೂರು ಬೋರುಗಳಿಂದ ಅದನ್ನು ಹೇಳಲೂ ಆಗುವುದಿಲ್ಲ.

ನನಗೆ ಅಷ್ಟು ಸಾಲಲಿಲ್ಲ. ಆಗಷ್ಟೇ ರಿಲಯಬಿಲಿಟಿ ಅನಾಲಿಸಿಸ್ ಓದಿ ಮುಗಿಸಿದ್ದೆ. ಸರಾಸರಿ 30,000 ಎಂದು ಇಟ್ಟುಕೊಂಡೆ. ನಾರ್ಮಲ್ ವಿತರಣೆಯಲ್ಲಿ ಸರಾಸರಿಯ ಆಚೀಚೆ ಮೂರು ಮಾನಕ ವಿಚಲನೆಗಳೊಳಗೆ ಶೇ. 99.7ರಷ್ಟು ಬೆಲೆಗಳು ಬರುತ್ತವೆ ಎಂಬುದನ್ನು ನೆನೆದು, 30,000 ಅಗಲದ ವ್ಯಾಪ್ತಿಯನ್ನು ಆರರಿಂದ ಭಾಗಿಸಿ ಮಾನಕ ವಿಚಲನೆ 5,000 ಎಂದು ಬರೆದೆ. ಒಂದೊಂದು ಫೂಟಿಂಗಿನ ಕೆಳಗಿನ ನೆಲವೂ ಪಕ್ಕದ್ದಕ್ಕೆ ಸಂಬಂಧವಿಲ್ಲದೆ ಸ್ವತಂತ್ರವಾಗಿ ಬದಲಾಗುತ್ತದೆ ಎಂದು ಭಾವಿಸಿದೆ. ಕಂಪ್ಯೂಟರಿನಲ್ಲಿ ಮಾಂಟೆ ಕಾರ್ಲೊ ಓಡಿಸಿದೆ. ಹತ್ತು ಸಾವಿರ ಕಾಲ್ಪನಿಕ ಕಟ್ಟಡಗಳಲ್ಲಿ ಒಂದರಲ್ಲೂ ಅಕ್ಕಪಕ್ಕದ ಕಾಲಂಗಳ ಕುಸಿತದ ವ್ಯತ್ಯಾಸ 12 ಮಿಲಿಮೀಟರ್ ದಾಟಲಿಲ್ಲ. ಆರು ಮೀಟರ್ ಅಂತರದ ಕಾಲಂಗಳಿಗೆ 12 ಮಿಲಿಮೀಟರ್ ಎಂದರೆ 1/500. ಗೋಡೆ ಬಿರುಕು ಬಿಡಬಾರದಾದರೆ ಇದರೊಳಗೆ ಇರಬೇಕೆಂದು ಸ್ಕೆಂಪ್ಟನ್ ಮತ್ತು ಮ್ಯಾಕ್‌ಡೊನಾಲ್ಡ್ 1956ರಲ್ಲೇ ಸೂಚಿಸಿದ್ದ ಮಿತಿ ಅದು. ಮಿತಿ ಮೀರುವ ಸಂಭವ ನಗಣ್ಯ ಎಂದು ವರದಿಯಲ್ಲಿ ಬರೆದು ಸಹಿ ಹಾಕಿದೆ.

ಪಾಯ ತೋಡುವಾಗ ಸೈಟಿನ ಸೂಪರ್‌ವೈಸರ್ ಫೋನ್ ಮಾಡಿದರು. "ಸಾಹೇಬ್ರ, ನಡುವಿನ ಗುಂಡ್ಯಾಗ ಮಣ್ಣು ಬ್ಯಾರೆ ಐತ್ರಿ. ಬಾಜೂ ಗುಂಡ್ಯಾಗ ಗರಸು ಹತ್ತೈತಿ, ಇಲ್ಲಿ ಹಾರಿ ಹಾಕಿದ್ರ ಸರಳ ಇಳೀತೈತ್ರಿ. ಇಟ್ಟಂಗಿ ಚೂರು ಬ್ಯಾರೆ ಬರಾಕತ್ತಾವ."

"ಇನ್ನೊಂದ್ ಅಡಿ ಇಳಿಸಿ ಪಿಸಿಸಿ ಹಾಕ್ರಿ," ಎಂದೆ. "ಮಣ್ಣು ಹೆಚ್ಚುಕಡಿಮಿ ಇರೂದನ್ನ ಲೆಕ್ಕದಾಗ ಹಿಡದೀನಿ."

ಆ ಮಾತಿನ ಎರಡನೆಯ ಭಾಗವೇ ನನ್ನ ದೊಡ್ಡ ತಪ್ಪು. ಹಾರೆ ಸಲೀಸಾಗಿ ಇಳಿಯುತ್ತದೆ, ಇಟ್ಟಿಗೆ ಚೂರು ಸಿಗುತ್ತದೆ ಎಂದರೆ ಅದು ಮೂಲ ನೆಲವಲ್ಲ, ಯಾರೋ ತುಂಬಿದ ಮಣ್ಣು. ಮೂರು ಬೋರುಗಳೂ ಮುಟ್ಟದಿದ್ದ ಜಾಗದಿಂದ ಬಂದ ಹೊಸ ಸಾಕ್ಷ್ಯ ಅದು. ಎಂದೋ ಗರಸು ತೆಗೆದುಕೊಂಡು ಹೋಗಿ ಬಿಟ್ಟಿದ್ದ ಹೊಂಡವದು, ಆಮೇಲೆ ಸಿಕ್ಕಿದ ಮಣ್ಣು ಕಸ ಹಾಕಿ ಮುಚ್ಚಿದ್ದರು ಎಂಬುದು ನಂತರ ತಿಳಿಯಿತು. ಕಣ್ಣೆದುರಿನ ಮಣ್ಣು ಹೇಳಿದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ, ಏಕೆಂದರೆ ಸಂಭವ ನಗಣ್ಯ ಎಂಬ ಅಂಕಿ ನನ್ನ ಕೈಯಲ್ಲಿತ್ತು. ಆ ಅಂಕಿ ಇರದಿದ್ದರೆ ಅಂದೇ ಸೈಟಿಗೆ ಹೋಗುತ್ತಿದ್ದೆ.

ಮಳೆ ನೀರು ತುಂಬುಮಣ್ಣಿಗೆ ಇಳಿಯಿತು. ಮೊದಲು ಮೇಲಿನ ಮನೆಯ ಬಚ್ಚಲು ಬಾಗಿಲು ಚೌಕಟ್ಟಿಗೆ ಕಚ್ಚತೊಡಗಿತು. ಮರ ಉಬ್ಬಿದೆ ಎಂದು ಬಡಗಿ ಹತ್ರಿ ಹೊಡೆದು ಹೋದ. ಆಮೇಲೆ ಗೋಡೆಗಳಲ್ಲಿ ಓರೆ ಬಿರುಕು ಕಾಣಿಸಿದವು. ನಾನು ಹೋದಾಗ ಅವುಗಳ ದಿಕ್ಕು ನೋಡಿದ ಕೂಡಲೇ ವಿಷಯ ತಿಳಿಯಿತು. ನಡುಕಾಲಮ್ಮಿನ ಎಡಗಡೆಯ ಗೋಡೆಯ ಬಿರುಕು ಬಲಕ್ಕೆ ಏರಿತ್ತು, ಬಲಗಡೆಯ ಗೋಡೆಯದು ಎಡಕ್ಕೆ ಏರಿತ್ತು. ಎರಡೂ ಅದೇ ಕಾಲಮ್ಮಿನ ತಲೆಯತ್ತ ಹೋಗುತ್ತಿದ್ದವು. ಒಂದು ಬದಿ ಇಳಿದಾಗ ಗೋಡೆಯ ಚೌಕ ಓರೆಯಾಗಿ ಹಿಗ್ಗುತ್ತದೆ, ಹಿಗ್ಗಿದ ಕರ್ಣಕ್ಕೆ ಅಡ್ಡವಾಗಿ ಇಟ್ಟಿಗೆಯ ಸಂದು ಬಿಡುತ್ತದೆ. ಹಾಗಾಗಿ ಬಿರುಕು ಯಾವತ್ತೂ ಕುಸಿದ ಕಾಲಮ್ಮಿನ ಕಡೆಗೆ ಮೇಲೇರುತ್ತದೆ. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಗಳನ್ನು ಅಂಟಿಸಿ ದಿನಾಂಕ ಬರೆದು ಬಂದೆ. ಮುಂದಿನ ಜೋರು ಮಳೆಗೆ ಪಟ್ಟಿಗಳು ಒಡೆದವು, ಅಂದರೆ ಕುಸಿತ ಇನ್ನೂ ನಿಂತಿರಲಿಲ್ಲ. ಆಟೋ ಲೆವೆಲ್ ಇಟ್ಟು ನೋಡಿದಾಗ ನಡುವಿನ ಕಾಲಂ ಅಕ್ಕಪಕ್ಕದವಕ್ಕಿಂತ ಸುಮಾರು 15 ಮಿಲಿಮೀಟರ್ ಕೆಳಗಿತ್ತು. ಅಂದರೆ 1/400. ನನ್ನ ಹತ್ತು ಸಾವಿರ ಕಾಲ್ಪನಿಕ ಕಟ್ಟಡಗಳಲ್ಲಿ ಒಂದೂ ಮುಟ್ಟದ ಜಾಗಕ್ಕೆ ನಿಜವಾದ ಒಂದೇ ಕಟ್ಟಡ ಬಂದು ನಿಂತಿತ್ತು.

ಪರಿಹಾರ ಹುಡುಕಲು ನನಗೆ ಪಾಠ ಹೇಳಿದ್ದ ಹಿರಿಯ ಪ್ರಾಧ್ಯಾಪಕರೊಬ್ಬರನ್ನು ಕರೆದುಕೊಂಡು ಬಂದೆ. ಅವರು ಕಟ್ಟಡ ನೋಡಿ, ನನ್ನ ವರದಿ ತೆಗೆದು, ಮಾನಕ ವಿಚಲನೆಯ ಸಾಲಿನ ಮೇಲೆ ಬೆರಳಿಟ್ಟರು.

"ಈ ಐದು ಎಲ್ಲಿಂದ ಬಂತು?"

"ವ್ಯಾಪ್ತಿಯನ್ನ ಆರರಿಂದ ಭಾಗಿಸಿದೆ ಸರ್."

"ಆರು ಎಲ್ಲಿಂದ ಬಂತು?"

ನನ್ನಲ್ಲಿ ಉತ್ತರವಿರಲಿಲ್ಲ. ಆರು ಬಂದದ್ದು ನಾರ್ಮಲ್ ವಿತರಣೆಯಿಂದ. ನಾರ್ಮಲ್ ವಿತರಣೆ ಬಂದದ್ದು ನನ್ನ ಅಭ್ಯಾಸದಿಂದ. ಆ ನಿವೇಶನದ ಮಣ್ಣಿನಿಂದ ಅದು ಬಂದಿರಲಿಲ್ಲ. ಅವರು ಒಂದು ಹಾಳೆ ತೆಗೆದು ನನ್ನಿಂದಲೇ ಒಂದು ಲೆಕ್ಕ ಮಾಡಿಸಿದರು. ಅದನ್ನು ಇಲ್ಲಿ ಹಾಗೆಯೇ ಕೊಡುತ್ತೇನೆ, ಏಕೆಂದರೆ ನನ್ನ ಕಣ್ಣು ತೆರೆಸಿದ್ದು ಅದೇ.

ನಡುವಿನ ನೆಲ ಮೆತ್ತಗಿದ್ದು ಎರಡು ಬದಿಯ ನೆಲ ಗಟ್ಟಿಯಾಗಿರುವುದು ನಮಗೆ ಕೆಟ್ಟ ಸ್ಥಿತಿ. ನಡುವಿನದು ವ್ಯಾಪ್ತಿಯ ಕೆಳಗಿನ ಹತ್ತನೇ ಒಂದು ಭಾಗದಲ್ಲಿ, ಅಂದರೆ 18,000ಕ್ಕಿಂತ ಕೆಳಗೆ ಇರಲಿ. ಬದಿಯವೆರಡೂ ಮೇಲಿನ ಹತ್ತನೇ ಒಂದು ಭಾಗದಲ್ಲಿ, ಅಂದರೆ 42,000ಕ್ಕಿಂತ ಮೇಲೆ ಇರಲಿ. ನನ್ನ ನಾರ್ಮಲ್ ವಿತರಣೆಯ ಪ್ರಕಾರ ಇದು ಆಗುವ ಸಂಭವ ಸುಮಾರು 18 ಲಕ್ಷದಲ್ಲಿ ಒಂದು. ಅದೇ ವ್ಯಾಪ್ತಿಯಲ್ಲಿ ಎಲ್ಲ ಬೆಲೆಗಳೂ ಸಮಾನವಾಗಿ ಬರಬಹುದು ಎಂದುಕೊಂಡರೆ ಸಂಭವ ಸಾವಿರದಲ್ಲಿ ಒಂದು. ಬೋರ್ ಅವೇ ಮೂರು, ವರದಿ ಅದೇ, ಹೊಸ ಮಾಹಿತಿ ಒಂದಿಷ್ಟೂ ಇಲ್ಲ. ವಕ್ರರೇಖೆಯ ಆಕಾರ ಒಂದನ್ನು ಬದಲಿಸಿದ್ದಕ್ಕೆ ಉತ್ತರ 1,800 ಪಟ್ಟು ಬದಲಾಯಿತು. ಮೂರು ನೆಲಗಳೂ ಪರಸ್ಪರ ಸ್ವತಂತ್ರ ಎಂಬ ನಂಬಿಕೆಯನ್ನೂ ತೆಗೆದರೆ ಮತ್ತೊಂದು ಅಂಕಿ ಬರುತ್ತದೆ. ಅಪಾಯ ಯಾವಾಗಲೂ ವಿತರಣೆಯ ಬಾಲದಲ್ಲಿ ಇರುತ್ತದೆ. ಮೂರು ಅಳತೆಗಳು ಬಾಲದ ಬಗ್ಗೆ ಏನನ್ನೂ ಹೇಳಲಾರವು. ಅಲ್ಲಿ ಕಾಣುವ ಅಂಕಿಯೆಲ್ಲ ನಾವು ಆರಿಸಿಕೊಂಡ ಸೂತ್ರದ್ದು, ನೆಲದ್ದಲ್ಲ.

ಹಾಗಾದರೆ ಏನು ಮಾಡಬೇಕಿತ್ತು? ಗೊತ್ತಿರುವುದನ್ನು ಗೊತ್ತಿರುವಷ್ಟೇ ಬರೆಯಬೇಕಿತ್ತು. ಬಿಗಿತ 15,000 ಮತ್ತು 45,000ದ ನಡುವೆ ಎಲ್ಲಾದರೂ ಇರಬಹುದು ಎಂದು ಇಟ್ಟುಕೊಂಡು, ಆ ಎರಡು ಮಿತಿಗಳನ್ನೇ ಲೆಕ್ಕದುದ್ದಕ್ಕೂ ಒಯ್ದು, ಉತ್ತರವನ್ನೂ ಎರಡು ಮಿತಿಗಳಾಗಿ ಹೇಳಬೇಕಿತ್ತು. ಈ ರೀತಿ ಹೊಸದಲ್ಲ. ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತವನ್ನು ಆರ್ಕಿಮಿಡೀಸ್ ಒಂದೇ ಸಂಖ್ಯೆಯಾಗಿ ಹೇಳಲಿಲ್ಲ. 223/71ಕ್ಕಿಂತ ಹೆಚ್ಚು, 22/7ಕ್ಕಿಂತ ಕಡಿಮೆ ಎಂದ. ರೇಮನ್ ಮೂರ್ 1966ರಲ್ಲಿ ಬರೆದ ಪುಸ್ತಕ ಇದನ್ನು ಇಂಟರ್ವಲ್ ಅನಾಲಿಸಿಸ್ ಎಂಬ ಶಾಸ್ತ್ರವಾಗಿ ಕಟ್ಟಿತು. 1990ರಲ್ಲಿ ಯಾಕೊವ್ ಬೆನ್-ಹೈಮ್ ಮತ್ತು ಐಸಾಕ್ ಎಲಿಶಕಾಫ್ ಯಂತ್ರಶಾಸ್ತ್ರದ ಅನಿಶ್ಚಿತತೆಯನ್ನು ಸಂಭವನೀಯತೆಯಿಲ್ಲದೆ, ಮಿತಿಗಳಿಂದ ಮಾತ್ರ ಹಿಡಿಯುವ ಬಗೆಯನ್ನು ಒಂದು ಪುಸ್ತಕದಲ್ಲಿ ವಿವರಿಸಿದರು.

ನಮ್ಮ ಕಟ್ಟಡದ ಒಂದು ಬೀಮನ್ನೇ ತೆಗೆದುಕೊಳ್ಳಿ. ಮೂರು ಕಾಲಂಗಳ ಮೇಲೆ ಕೂತ ಎರಡು ಅಂಕಣದ ಬೀಮ್, ಪ್ರತಿ ಅಂಕಣ 6 ಮೀಟರ್. ಅಳತೆ 300 ಗುಣಿಸು 600 ಮಿಲಿಮೀಟರ್. ಭಾರ ಮೀಟರಿಗೆ 30 ಕಿಲೋನ್ಯೂಟನ್. ಕಾಂಕ್ರೀಟ್ ಎಂ25. ಯಾವ ಕಾಲಮ್ಮೂ ಕುಸಿಯದಿದ್ದರೆ ನಡುಕಾಲಮ್ಮಿನ ಮೇಲೆ ಬೀಮಿನ ಬೆನ್ನಿನಲ್ಲಿ 135 ಕಿಲೋನ್ಯೂಟನ್ ಮೀಟರ್ ಬೆಂಡಿಂಗ್ ಮೊಮೆಂಟ್, ಅಂಕಣದ ಹೊಟ್ಟೆಯಲ್ಲಿ 76. ನಾನು ಸರಳು ಹಾಕಿದ್ದು ಈ ಎರಡು ಸಂಖ್ಯೆಗಳಿಗೆ.

ಈಗ ನಡುವಿನ ನೆಲ 15,000, ಬದಿಯ ನೆಲ 45,000 ಎಂದು ಹಿಡಿಯಿರಿ. ಕುಸಿತದ ವ್ಯತ್ಯಾಸ 6.7 ಮಿಲಿಮೀಟರ್. ಇದು ಪೆನ್ಸಿಲ್ಲಿನಷ್ಟು ದಪ್ಪ. ಆದರೆ ಬಿರುಕಿಲ್ಲದ ಈ ಬೀಮಿನಲ್ಲಿ ಅದೊಂದೇ 75 ಕಿಲೋನ್ಯೂಟನ್ ಮೀಟರ್ ಮೊಮೆಂಟ್ ಹುಟ್ಟಿಸುತ್ತದೆ. ನಡುಕಾಲಮ್ಮಿನ ಮೇಲಿನ 135 ಇಳಿದು 60 ಆಗುತ್ತದೆ, ಹೊಟ್ಟೆಯ 76 ಏರಿ 107 ಆಗುತ್ತದೆ. ಇಲ್ಲಿಗೂ ಮುಗಿಯಲಿಲ್ಲ. ಐಎಸ್ 456ರ ಪ್ರಕಾರ ಎಂ25 ಕಾಂಕ್ರೀಟಿನ ಸ್ಥಿತಿಸ್ಥಾಪಕ ಗುಣಾಂಕ 25,000 ನ್ಯೂಟನ್ ಪ್ರತಿ ಚದರ ಮಿಲಿಮೀಟರ್. ಅಳೆದು ನೋಡಿದರೆ ಇದು ಆಚೀಚೆ ಶೇ. 20ರಷ್ಟು ಬದಲಾಗಬಹುದು ಎಂದು ಅದೇ ಸಂಹಿತೆ ಹೇಳುತ್ತದೆ. ಓದುವಾಗ ನಾವೆಲ್ಲ ಹಾರಿಸಿಬಿಡುವ ಸಾಲು ಅದು. ಕಾಂಕ್ರೀಟ್ ಶೇ. 20ರಷ್ಟು ಗಡಸಾಗಿದ್ದರೆ ಬೆನ್ನಿನ ಮೊಮೆಂಟ್ 45ಕ್ಕೆ ಇಳಿದು ಹೊಟ್ಟೆಯದು 113ಕ್ಕೆ ಹೋಗುತ್ತದೆ. ಇನ್ನು ಅದೇ ಗಡಸು ಕಾಂಕ್ರೀಟಿನಲ್ಲಿ ನೆಲ ತಿರುವುಮುರುವಾಗಿದ್ದು ನಡುವೆ ಗಟ್ಟಿ, ಬದಿಗೆ ಮೆತ್ತಗೆ ಇದ್ದರೆ ಬೆನ್ನಿನ ಮೊಮೆಂಟ್ 225ಕ್ಕೆ ಏರುತ್ತದೆ, ಹೊಟ್ಟೆಯದು 46ಕ್ಕೆ ಇಳಿಯುತ್ತದೆ.

ಹಾಗಾಗಿ ನಾನು ಬರೆಯಬೇಕಿದ್ದ ಉತ್ತರ 135 ಮತ್ತು 76 ಅಲ್ಲ. ಬೆನ್ನಿನಲ್ಲಿ 45ರಿಂದ 225, ಹೊಟ್ಟೆಯಲ್ಲಿ 46ರಿಂದ 113. ಬೀಮ್ ಬಿರುಕು ಬಿಟ್ಟ ಮೇಲೆ ಮೆತ್ತಗಾಗುತ್ತದೆ, ಕುಸಿತ ನಿಧಾನವಾದರೆ ಕಾಂಕ್ರೀಟಿನ ಕ್ರೀಪ್ ಕೂಡ ಮೊಮೆಂಟನ್ನು ತಗ್ಗಿಸುತ್ತದೆ, ಕಾಲಂ ಇಳಿದಾಗ ಅದರ ಮೇಲಿನ ಭಾರವೂ ಪಕ್ಕಕ್ಕೆ ಹಂಚಿಹೋಗುತ್ತದೆ. ಆದ್ದರಿಂದ ನೆಲ ವರದಿಯ ವ್ಯಾಪ್ತಿಯಲ್ಲೇ ಇದ್ದರೆ ನಿಜವಾದ ಅಂಕಿ ಈ ಮಿತಿಗಳ ಒಳಗೇ ಎಲ್ಲೋ ಇರುತ್ತದೆ. ಅದು ಎಲ್ಲಿ ಎಂದು ಹೇಳಲು ನನಗೆ ಆಧಾರವಿಲ್ಲ. ಆದರೆ ಈ ಎರಡು ಸಾಲು ನನ್ನ ಮುಂದಿದ್ದಿದ್ದರೆ ಬಿಡಿಬಿಡಿ ಫೂಟಿಂಗಿಗೆ ಅಷ್ಟು ಸುಲಭವಾಗಿ ಒಪ್ಪುತ್ತಿರಲಿಲ್ಲ. ನೆಲವೇ ಈ ವಿನ್ಯಾಸವನ್ನು ಆಳುತ್ತಿದೆ ಎಂಬುದು ಕಣ್ಣಿಗೆ ಹೊಡೆದು ಕಾಣುತ್ತಿತ್ತು.

ಮಿತಿಗಳ ಲೆಕ್ಕದಲ್ಲೂ ಎಡವುವ ಜಾಗಗಳಿವೆ. ಒಂದೇ ಬಿಗಿತದ ಎರಡು ಸ್ಪ್ರಿಂಗುಗಳ ಮೇಲೆ ಭಾರ ಕೂತಿದೆ ಎನ್ನಿ. ಒಂದೊಂದಕ್ಕೆ ಸರಿಯಾಗಿ ಅರ್ಧ ಭಾರ. ಬಿಗಿತ ಎಷ್ಟೇ ಇರಲಿ, ಪಾಲು ಬದಲಾಗದು. ಆದರೆ ಒಂದರ ಬಿಗಿತವನ್ನು ಎರಡರ ಮೊತ್ತದಿಂದ ಭಾಗಿಸುವ ಸೂತ್ರದಲ್ಲಿ 15ರಿಂದ 45 ಎಂಬ ವ್ಯಾಪ್ತಿಯನ್ನು ಬಂದಬಂದಲ್ಲಿ ಕಣ್ಣುಮುಚ್ಚಿ ಹಾಕಿದರೆ ಉತ್ತರ ಶೇ. 17ರಿಂದ ಶೇ. 150ರವರೆಗೆ ಬರುತ್ತದೆ. ಇರುವ ಭಾರದ ಒಂದೂವರೆ ಪಟ್ಟು ಒಂದೇ ಸ್ಪ್ರಿಂಗಿಗೆ! ಮೇಲೆ ಕೂತ ಬಿಗಿತವೂ ಕೆಳಗೆ ಕೂತ ಬಿಗಿತವೂ ಒಂದೇ ಎಂಬುದನ್ನು ಲೆಕ್ಕ ಮರೆತದ್ದರ ಫಲ ಇದು. ದೊಡ್ಡ ಚೌಕಟ್ಟಿನ ಸಮೀಕರಣಗಳಲ್ಲಿ ಈ ಮರೆವು ಹೆಜ್ಜೆಹೆಜ್ಜೆಗೂ ಸೇರಿಕೊಂಡು ಉತ್ತರದ ವ್ಯಾಪ್ತಿ ಉಪಯೋಗಕ್ಕೆ ಬಾರದಷ್ಟು ಅಗಲವಾಗುತ್ತದೆ. ಇಂಟರ್ವಲ್ ಫೈನೈಟ್ ಎಲಿಮೆಂಟ್ ಮೇಲೆ ಕೆಲಸ ಮಾಡಿದ ರಫಿ ಮುಹನ್ನ, ರಾಬರ್ಟ್ ಮಲ್ಲೆನ್ ಮುಂತಾದವರ ಪ್ರಯತ್ನ ಬಹುಪಾಲು ಈ ಹಿಗ್ಗುವಿಕೆಯನ್ನು ತಡೆಯುವುದಕ್ಕೇ ಮೀಸಲಾಗಿದೆ.

ನಮ್ಮಂಥ ಸಣ್ಣ ಕಚೇರಿಗಳಿಗೆ ಅದಕ್ಕಿಂತ ಸುಲಭದ ದಾರಿಯಿದೆ. ಮಿತಿಗಳ ಮೂಲೆಗಳನ್ನು ಮಾತ್ರ ಲೆಕ್ಕ ಹಾಕುವುದು. ಮೂರು ನೆಲ, ಒಂದು ಕಾಂಕ್ರೀಟ್, ಒಟ್ಟು ನಾಲ್ಕು ಅನಿಶ್ಚಿತ ಸಂಗತಿಗಳಾದರೆ ಮೂಲೆಗಳು 16. ಮಾಮೂಲಿ ಸಾಫ್ಟ್‌ವೇರಿನಲ್ಲೇ ಹದಿನಾರು ಸಲ ಓಡಿಸಿದರೆ ಮುಗಿಯಿತು. ಒಂದು ಸಂಗತಿ ಏರಿದಂತೆ ಉತ್ತರ ಒಂದೇ ದಿಕ್ಕಿಗೆ ಏರುವುದೋ ಇಳಿಯುವುದೋ ಆಗುವ ಕಡೆ ಈ ರೀತಿ ಸರಿಹೋಗುತ್ತದೆ. ನಡುವೆ ದಿಕ್ಕು ಬದಲಿಸುವಂತಿದ್ದರೆ, ಉದಾಹರಣೆಗೆ ಕಂಪನದ ಅನುರಣನೆಯಂಥ ಕಡೆ, ಮೂಲೆಗಳಷ್ಟನ್ನೇ ನೋಡಿದರೆ ಮೋಸಹೋಗುತ್ತೇವೆ. ಸಂಗತಿಗಳು 20 ಆದರೆ ಮೂಲೆಗಳು ಹತ್ತು ಲಕ್ಷ ದಾಟುತ್ತವೆ. ಆಗ ಯಾವ ಮೂಲೆ ಕೆಟ್ಟದ್ದು ಎಂದು ಯೋಚಿಸಿ ಆರಿಸಬೇಕು. ನಡುವೆ ಮೆತ್ತಗೆ, ಬದಿಗೆ ಗಟ್ಟಿ, ಆಮೇಲೆ ತಿರುವುಮುರುವು. ಹೀಗೆ ಯೋಚಿಸುವಾಗ ಕಟ್ಟಡ ಹೇಗೆ ಬಾಗುತ್ತದೆ ಎಂಬ ಚಿತ್ರ ತಲೆಯಲ್ಲಿ ಮೂಡುತ್ತದೆ. ಮಾಂಟೆ ಕಾರ್ಲೊ ಓಡಿಸಿದ ರಾತ್ರಿ ನನ್ನ ತಲೆಯಲ್ಲಿ ಅಂಥ ಚಿತ್ರವೇ ಇರಲಿಲ್ಲ.

ನಮ್ಮ ಸಂಹಿತೆಗಳು ಇದನ್ನು ಹಿಂದಿನಿಂದಲೂ ಮಾಡುತ್ತ ಬಂದಿವೆ. ಜನ, ಸಾಮಾನು ಎಲ್ಲಿ ಬಂದು ಕೂರುತ್ತವೆ ಎಂಬ ಅನಿಶ್ಚಿತತೆಗೆ ಐಎಸ್ 456 ಸಂಭವನೀಯತೆ ಕೇಳುವುದಿಲ್ಲ. ಚರಭಾರವನ್ನು ಒಂದು ಬಿಟ್ಟು ಒಂದು ಅಂಕಣಕ್ಕೆ ಹಾಕಿ ನೋಡು, ಅಕ್ಕಪಕ್ಕದ ಎರಡು ಅಂಕಣಕ್ಕೆ ಹಾಕಿ ನೋಡು, ಕೆಟ್ಟದ್ದಕ್ಕೆ ಸರಳು ಹಾಕು ಎನ್ನುತ್ತದೆ. ಭೂಕಂಪದ ಐಎಸ್ 1893 ಕಟ್ಟಡದ ತೂಕದ ಕೇಂದ್ರ ಲೆಕ್ಕಕ್ಕಿಂತ ಅಗಲದ ಶೇ. 5ರಷ್ಟು ಆಚೆಗೂ ಈಚೆಗೂ ಇರಬಹುದು ಎಂದು ಹಿಡಿಯಲು ಹೇಳುತ್ತದೆ. ಇವೆಲ್ಲ ಮಿತಿಗಳ ಭಾಷೆಯೇ. ಅದನ್ನು ನೆಲಕ್ಕೂ ಅನ್ವಯಿಸಬಹುದು ಎಂಬುದು ನನಗೆ ಹೊಳೆದಿರಲಿಲ್ಲ ಅಷ್ಟೆ.

ಆದರೂ ನನ್ನ ಕಟ್ಟಡಕ್ಕೆ ಮಿತಿಗಳ ಲೆಕ್ಕವೊಂದೇ ಸಾಲುತ್ತಿರಲಿಲ್ಲ ಎಂಬುದನ್ನು ಒಪ್ಪಬೇಕು. ಬಿರುಕು ಬಂದ ಮೇಲೆ ನಡುವಿನ ಫೂಟಿಂಗಿನ ಪಕ್ಕದಲ್ಲಿ ಪ್ಲೇಟ್ ಲೋಡ್ ಪರೀಕ್ಷೆ ಮಾಡಿಸಿದೆವು. ನೆಲದ ಬಿಗಿತ 8,000ದ ಹತ್ತಿರ ಬಂತು. ಅಂದರೆ ವರದಿಯ ಕೆಳಮಿತಿಗಿಂತ ಎಷ್ಟೋ ಕೆಳಗೆ. ಮಿತಿಗಳೇ ತಪ್ಪಾಗಿದ್ದರೆ ಏನು ಗತಿ?

ಈ ಪ್ರಶ್ನೆಗೆ ನನಗೆ ಸಿಕ್ಕಿದ ಒಳ್ಳೆಯ ಉತ್ತರ ಬೆನ್-ಹೈಮ್ ಆಮೇಲೆ ಬೆಳೆಸಿದ ಇನ್ಫೋ-ಗ್ಯಾಪ್ ಸಿದ್ಧಾಂತದಲ್ಲಿದೆ. ಇಸ್ರೇಲಿನ ಹೈಫಾದ ಟೆಕ್ನಿಯಾನ್ ಸಂಸ್ಥೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಅವರು ಪ್ರಶ್ನೆಯನ್ನೇ ತಿರುಗಿಸಿ ಹಾಕಿದರು. ಮಿತಿ ಎಷ್ಟು ಎಂದು ಮೊದಲೇ ಹೇಳಬೇಡ. ನಿನ್ನ ಅಂದಾಜು ಎಷ್ಟು ತಪ್ಪಾದರೂ ಕಟ್ಟಡ ತಡೆಯುತ್ತದೆ ಎಂಬುದನ್ನು ಹೇಳು.

ನಮ್ಮ ಲೆಕ್ಕಕ್ಕೆ ಹಾಕೋಣ. ಅಂದಾಜು 30,000. ಅದು ಎರಡು ಕಡೆಗೂ ಒಂದು ಪ್ರಮಾಣದಷ್ಟು ತಪ್ಪಬಹುದು. ನಡುವೆ ಅಷ್ಟು ಮೆತ್ತಗೆ, ಬದಿಗೆ ಅಷ್ಟು ಗಟ್ಟಿ. ಕುಸಿತದ ವ್ಯತ್ಯಾಸ 12 ಮಿಲಿಮೀಟರಿಗೆ ಮುಟ್ಟುವ ತನಕ ಆ ಪ್ರಮಾಣವನ್ನು ಹಿಗ್ಗಿಸುತ್ತ ಹೋಗಿ. ಸರಿಯಾಗಿ ಮೂರನೇ ಎರಡಕ್ಕೆ ಅದು ಮುಟ್ಟುತ್ತದೆ. ನಡುವೆ 10,000 ಇದ್ದಾಗ 15 ಮಿಲಿಮೀಟರ್, ಬದಿಯಲ್ಲಿ 50,000 ಇದ್ದಾಗ 3 ಮಿಲಿಮೀಟರ್, ವ್ಯತ್ಯಾಸ 12. ಅಂದರೆ ಈ ವಿನ್ಯಾಸ ಅಂದಾಜಿನಲ್ಲಿ ಶೇ. 67ರಷ್ಟು ತಪ್ಪನ್ನು ತಡೆಯುತ್ತದೆ. ಇನ್ನೊಂದು ವಿನ್ಯಾಸ ನೋಡಿ: ಫೂಟಿಂಗುಗಳ ವಿಸ್ತೀರ್ಣವನ್ನು ಒಂದೂವರೆ ಪಟ್ಟು ಮಾಡಿ ಒತ್ತಡವನ್ನು 100ಕ್ಕೆ ಇಳಿಸಿದರೆ ಶೇ. 76ರಷ್ಟು ತಪ್ಪನ್ನು ತಡೆಯುತ್ತದೆ, ನಡುವಿನ ನೆಲ 7,200ಕ್ಕೆ ಇಳಿದರೂ ನಿಲ್ಲುತ್ತದೆ. ಫೂಟಿಂಗ್ ಅಗಲವಾದಂತೆ ನೆಲದ ಬಿಗಿತ ತುಸು ತಗ್ಗುವುದರಿಂದ ನಿಜವಾದ ಲಾಭ ಇದಕ್ಕಿಂತ ಕೊಂಚ ಕಡಿಮೆ. ಆದರೂ ಎರಡು ವಿನ್ಯಾಸಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು, ಹೆಚ್ಚುವರಿ ಕಾಂಕ್ರೀಟಿಗೆ ಎಷ್ಟು ಧೈರ್ಯ ಸಿಗುತ್ತದೆ ಎಂದು ಮಾಲೀಕರಿಗೆ ತೋರಿಸಬಹುದು. ಎಲ್ಲಿಯೂ ಸಂಭವನೀಯತೆಯ ಮಾತಿಲ್ಲ.

ನಿಜವಾದ ನೆಲದ ಅಂಕಿಗಳನ್ನು ಹಾಕಿ ನೋಡಿದಾಗ ನನಗೆ ಬಹಳ ಸಂಕಟವಾಯಿತು. ನಡುವೆ 8,000, ಬದಿಗೆ 40,000ದ ಸುಮಾರು. ನನ್ನ ಫೂಟಿಂಗಿಗೆ ವ್ಯತ್ಯಾಸ 15 ಮಿಲಿಮೀಟರ್, ಲೆವೆಲ್ ತೋರಿಸಿದ್ದೂ ಅದೇ. ದೊಡ್ಡ ಫೂಟಿಂಗ್ ಹಾಕಿದ್ದರೆ 10ರ ಆಸುಪಾಸು. ಮಾಸ್ತರರ ಮನೆಯ ಗೋಡೆ ಬಹುಶಃ ಉಳಿಯುತ್ತಿತ್ತು. ಅದಕ್ಕೆ ಬೇಕಾಗಿದ್ದದ್ದು ಮೂರ್ನಾಲ್ಕು ಟ್ರಿಪ್ ಹೆಚ್ಚಿನ ಜಲ್ಲಿ, ಮರಳು, ಸಿಮೆಂಟು.

ಸಂಭವನೀಯತೆಯನ್ನೇ ದೂರುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಅದಕ್ಕೆ ಅದರದೇ ಜಾಗವಿದೆ. ಕಾಂಕ್ರೀಟಿನ ಕ್ಯೂಬುಗಳನ್ನು ನಾವು ಸಾವಿರಗಟ್ಟಲೆ ಒಡೆದು ನೋಡಿದ್ದೇವೆ. ಎಂ25 ಎಂದರೆ ನೂರರಲ್ಲಿ ಐದಕ್ಕಿಂತ ಹೆಚ್ಚು ಫಲಿತಾಂಶಗಳು 25ಕ್ಕಿಂತ ಕೆಳಗೆ ಬೀಳಬಾರದು, ಅದಕ್ಕಾಗಿ ಮಿಶ್ರಣದ ಗುರಿಯನ್ನು 31.6ಕ್ಕೆ ಇಡಬೇಕು ಎಂಬ ಲೆಕ್ಕದ ಹಿಂದೆ ನಿಜವಾದ ಅಳತೆಗಳ ರಾಶಿಯಿದೆ. ಗಾಳಿಯ ವೇಗಕ್ಕೆ ಹವಾಮಾನ ಕೇಂದ್ರಗಳ ದಶಕಗಳ ದಾಖಲೆಯಿದೆ. ಅಲ್ಲಿ ಮಿತಿಗಳನ್ನಷ್ಟೇ ಹಿಡಿದು ಕೂತರೆ ಇರುವ ತಿಳಿವಳಿಕೆಯನ್ನು ಬಿಸಾಡಿ ದುಂದು ಮಾಡಿದಂತೆ. ಆದರೆ ಮಾಸ್ತರರ ನಿವೇಶನದ ಹೊಂಡ ಜಗತ್ತಿನಲ್ಲಿ ಒಂದೇ. ಅದನ್ನು ಮತ್ತೆ ಮತ್ತೆ ಮಾಡಿ ಎಣಿಸಲಾಗದು. ಅದು ಅಲ್ಲಿತ್ತು, ನನಗೆ ಗೊತ್ತಿರಲಿಲ್ಲ. ಇಂಥ ಅಜ್ಞಾನಕ್ಕೆ ಗಂಟೆಯಾಕಾರದ ವಕ್ರರೇಖೆ ಎಳೆಯುವ ಹಕ್ಕು ನನಗಿರಲಿಲ್ಲ.

ಮಿತಿಗಳ ರೀತಿಯೂ ಎಂಜಿನಿಯರಿನ ವಿವೇಚನೆಯನ್ನೇ ನೆಚ್ಚಿದೆ. 30,000 ಎಂಬ ನಡುವಿನ ಅಂದಾಜೇ ಬುಡಮೇಲಾಗಿದ್ದರೆ ಅದರ ಸುತ್ತ ಎಷ್ಟು ಹಿಗ್ಗಿಸಿದರೂ ಉಪಯೋಗವಿಲ್ಲ ಎಂಬ ಟೀಕೆ ಇನ್ಫೋ-ಗ್ಯಾಪ್ ಮೇಲಿದೆ, ಅದರಲ್ಲಿ ಹುರುಳೂ ಇದೆ. ಆದರೆ ಒಂದು ವ್ಯತ್ಯಾಸ ಇದೆ. ಮಿತಿಗಳನ್ನು ಬರೆದಾಗ ನನ್ನ ಊಹೆ ಹಾಳೆಯ ಮೇಲೆ ಬೆತ್ತಲಾಗಿ ಕಾಣುತ್ತದೆ, ಯಾರು ಬೇಕಾದರೂ ಇದೇಕೆ ಇಷ್ಟು ಎಂದು ಕೇಳಬಹುದು. ಸಂಭವ ನಗಣ್ಯ ಎಂದು ಬರೆದಾಗ ಅದೇ ಊಹೆ ಸೂತ್ರದ ಒಳಗೆ ಹೂತುಹೋಗಿತ್ತು. ಓದಿದ ಯಾರಿಗೂ ಅಲ್ಲೊಂದು ಊಹೆ ಇದೆ ಎಂಬುದೇ ತಿಳಿಯುವಂತಿರಲಿಲ್ಲ.

ಬೀಮುಗಳಿಗೆ ಜಾಕಿ ಕೊಟ್ಟು, ನಡುವಿನ ಫೂಟಿಂಗಿನ ಅಡಿಯನ್ನು ಭಾಗಭಾಗವಾಗಿ ತೋಡಿ, ಗಟ್ಟಿ ಗರಸು ಸಿಗುವವರೆಗೆ ಕಾಂಕ್ರೀಟ್ ಇಳಿಸಿದೆವು. ಹೊಸದಾಗಿ ಅಂಟಿಸಿದ ಗಾಜಿನ ಪಟ್ಟಿಗಳು ಮುಂದಿನ ಮಳೆಗಾಲದಲ್ಲಿ ಒಡೆಯಲಿಲ್ಲ. ಖರ್ಚನ್ನು ನಾನು ಭರಿಸಿದೆ. ಮಾಸ್ತರರು ಒಂದು ಕಟು ಮಾತೂ ಆಡಲಿಲ್ಲ. ಆದರೆ ಕಟ್ಟಿಸುವಾಗ ಅವರಿಗಿದ್ದ ಸಂತೋಷವನ್ನು ನಾನು ಹಿಂದಕ್ಕೆ ಕೊಡಲು ಆಗಲಿಲ್ಲ.

ಈಗ ನನ್ನ ಕಚೇರಿಯಿಂದ ಹೊರಡುವ ಪ್ರತಿ ಪಾಯದ ನಕ್ಷೆಯ ಮೇಲೆ ವಿನ್ಯಾಸ ಎಷ್ಟು ತಪ್ಪನ್ನು ತಡೆಯುತ್ತದೆ ಎಂಬ ಮಿತಿಯನ್ನು ಸೈಟಿನ ಮಾತಿಗೆ ಇಳಿಸಿ ಬರೆಯುತ್ತೇವೆ. ಪ್ರತಿ ಗುಂಡಿಯಲ್ಲೂ ಡೈನಮಿಕ್ ಕೋನ್ ಇಳಿಸಬೇಕು, ಇಷ್ಟು ಪೆಟ್ಟಿಗಿಂತ ಕಡಿಮೆ ಪೆಟ್ಟಿಗೆ ಕೋನ್ ಇಳಿದರೆ ಕೆಲಸ ನಿಲ್ಲಿಸಬೇಕು. ತುಂಬುಮಣ್ಣು, ಇಟ್ಟಿಗೆ ಚೂರು, ಕಸ ಕಂಡರೂ ನಿಲ್ಲಿಸಬೇಕು. ನಿಲ್ಲಿಸುವ ಅಧಿಕಾರ ಸೂಪರ್‌ವೈಸರಿಗೆ ಇದೆ, ನನ್ನ ಒಪ್ಪಿಗೆ ಬೇಕಿಲ್ಲ. ಮತ್ತೆ ಶುರು ಮಾಡಬೇಕಾದರೆ ಮಾತ್ರ ನಾನು ಗುಂಡಿಯನ್ನು ಕಣ್ಣಾರೆ ನೋಡಿ ಸಹಿ ಹಾಕಬೇಕು. ಅನಿಶ್ಚಿತತೆಯ ಲೆಕ್ಕ ಕಂಪ್ಯೂಟರಿನಲ್ಲೇ ಮುಗಿದುಹೋದರೆ ಅದು ಅರ್ಧ ಲೆಕ್ಕ. ವಿನ್ಯಾಸ ಎಲ್ಲಿಯವರೆಗೆ ತಡೆಯುತ್ತದೆ ಎಂಬುದು ಗುಂಡಿಯ ಅಂಚಿನಲ್ಲಿ ನಿಂತವರಿಗೂ ಗೊತ್ತಿರಬೇಕು, ಅದು ದಾಟಿದ ಕ್ಷಣ ಅವರ ಮಾತೇ ನಡೆಯಬೇಕು.